ಬಿಸಿಲ ನಾಡಿನಲ್ಲಿ ಯೂಸ್ ಆ್ಯಂಡ್ ಥ್ರೋ ಕ್ಯಾಮೆರಾ: ಡಬ್ಬಿಯ ಮೇಲಿನ ದಿನಾಂಕವನ್ನು ಎಷ್ಟು ನಂಬಬೇಕು?

(ಕೊಪ್ಪಳದಲ್ಲಿ ಹವ್ಯಾಸಿ ಛಾಯಾಗ್ರಾಹಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ್ದ ಪುನರುಕ್ತಿಗಳನ್ನು ತೆಗೆದು, ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ರೀಲಿನ ಕಾಲ ಮುಗಿಯಿತೆಂದು ಬಳ್ಳಾರಿ, ರಾಯಚೂರು, ಕೊಪ್ಪಳದ ಸ್ಟುಡಿಯೋಗಳು ತಮ್ಮ ಕಲರ್ ಲ್ಯಾಬಿನ ಯಂತ್ರಗಳನ್ನು ಗುಜರಿಗೆ ಹಾಕಿ ಬಹಳ ಕಾಲವಾಯಿತು. ಅದೇ ರೀಲು ಈಗ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕುಳಿತು ಮರಳಿ ಬಂದಿದೆ. ಮದುವೆಮನೆಯಲ್ಲಿ ಊಟದ ಮೇಜಿಗೊಂದರಂತೆ ಇಡುವ ಕ್ಯಾಮೆರಾ, ವಿದೇಶದಿಂದ ಬಂದ ಅಣ್ಣನೋ ಅತ್ತಿಗೆಯೋ ಮಕ್ಕಳಿಗೆಂದು ತಂದುಕೊಟ್ಟ ಕ್ಯಾಮೆರಾ, ಆನೆಗೊಂದಿಗೆ ಬಂದ ಪ್ರವಾಸಿಗರು ಹೊರಡುವಾಗ ಯಾರಿಗೋ ಕೊಟ್ಟುಹೋದ ಕ್ಯಾಮೆರಾ, ಆನ್‌ಲೈನಿನಲ್ಲಿ ತರಿಸಿದ ಕ್ಯಾಮೆರಾ, ಹೀಗೆ ನಾನಾ ದಾರಿಗಳಲ್ಲಿ ಅವು ನಮ್ಮ ಮನೆಗಳನ್ನು ಸೇರುತ್ತಿವೆ. ಅದನ್ನು ಕೈಯಲ್ಲಿ ಹಿಡಿದು ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಡಬ್ಬಿಯ ಮೇಲೆ ಬರೆದ ತಾರೀಖು ದಾಟಿದೆ, ಇದು ಇನ್ನೂ ನಡೆಯುತ್ತದೆಯೆ? ನಾನು ಮಾತ್ರ ಅವರಿಗೆ ಮರುಪ್ರಶ್ನೆ ಹಾಕುತ್ತೇನೆ: ಅದು ಇಷ್ಟು ದಿನ ಎಲ್ಲಿತ್ತು? ಈ ಕ್ಯಾಮೆರಾದ ಆಯುಷ್ಯವನ್ನು ಕ್ಯಾಲೆಂಡರಿಗಿಂತ ಥರ್ಮಾಮೀಟರೇ ಹೆಚ್ಚು ಸರಿಯಾಗಿ ಹೇಳುತ್ತದೆ ಎಂಬುದು ನನ್ನ ಇಂದಿನ ಮಾತಿನ ತಿರುಳು, ಅದರಲ್ಲೂ ನಮ್ಮಂಥ ಜಿಲ್ಲೆಗಳಲ್ಲಿ.

ಮೊದಲು ಈ ಡಬ್ಬಿಯೊಳಗೆ ಏನಿದೆ ಎಂದು ನೋಡೋಣ. 1986ರಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಹೊರದೇಶಗಳಲ್ಲಿ ಅದು ಕ್ವಿಕ್‌ಸ್ನ್ಯಾಪ್ ಎಂದು ಹೆಸರಾಯಿತು. ಮರುವರ್ಷ ಕೊಡ್ಯಾಕ್ ತನ್ನದನ್ನು ತಂದಿತು. ಇಂದು ಅದರ ಫನ್‌ಸೇವರ್ ಎಲ್ಲರಿಗೂ ಪರಿಚಿತ. ಒಳಗಿರುವುದು ಸಾಮಾನ್ಯ 35 ಎಂಎಂ ರೀಲೇ, ಬಹುಪಾಲು 27 ಚಿತ್ರಗಳದ್ದು. ಮುಂದೆ ಪ್ಲಾಸ್ಟಿಕ್ ಲೆನ್ಸು, ಅದರ ಹಿಂದೆ ಒಂದೇ ವೇಗದಲ್ಲಿ ತೆರೆದು ಮುಚ್ಚುವ ಷಟರು, ಪಕ್ಕದಲ್ಲಿ ಫ್ಲ್ಯಾಶ್, ಅದಕ್ಕೊಂದು ಒಂದೂವರೆ ವೋಲ್ಟಿನ ಸೆಲ್. ಫೋಕಸ್ ತಿರುಗಿಸುವಂತಿಲ್ಲ, ಬೆಳಕಿನ ಅಳತೆ ಹೊಂದಿಸುವಂತಿಲ್ಲ. ಸುಮಾರು ಒಂದು ಮೀಟರಿನಾಚೆ ಇರುವುದೆಲ್ಲ ತಕ್ಕಮಟ್ಟಿಗೆ ಸ್ಪಷ್ಟವಾಗಿ ಬರುವಂತೆ ಕಾರ್ಖಾನೆಯಲ್ಲೇ ಲೆನ್ಸನ್ನು ಕೂಡಿಸಿರುತ್ತಾರೆ.

ಹೊರಗಿನಿಂದ ಕಾಣದ ಒಂದು ಜಾಣತನ ಇದರಲ್ಲಿದೆ. ನಮ್ಮ ಹಳೆಯ ಕ್ಯಾಮೆರಾಗಳಲ್ಲಿ ಪ್ರತಿ ಫೋಟೋಕ್ಕೂ ರೀಲು ತನ್ನ ಡಬ್ಬಿಯಿಂದ ಹೊರಬರುತ್ತಿತ್ತು, ಕೊನೆಯಲ್ಲಿ ಅದನ್ನೆಲ್ಲ ಮತ್ತೆ ಒಳಕ್ಕೆ ಸುತ್ತಬೇಕಾಗುತ್ತಿತ್ತು. ಇದರಲ್ಲಿ ಕಾರ್ಖಾನೆಯವರೇ ರೀಲನ್ನು ಪೂರ್ತಿ ಹೊರಗೆಳೆದು ಎದುರು ಬದಿಯ ಉರುಳೆಗೆ ಸುತ್ತಿಟ್ಟಿರುತ್ತಾರೆ. ನೀವು ಹೆಬ್ಬೆರಳಿನಿಂದ ಹಲ್ಲುಚಕ್ರವನ್ನು ಕರಕರನೆ ತಿರುಗಿಸಿದಾಗಲೆಲ್ಲ ತೆಗೆದ ಚಿತ್ರವು ಲೋಹದ ಡಬ್ಬಿಯೊಳಕ್ಕೆ, ಕತ್ತಲೆಯೊಳಕ್ಕೆ ಸರಿಯುತ್ತದೆ. ಆದ್ದರಿಂದ ಕ್ಯಾಮೆರಾ ಕೆಳಗೆ ಬಿದ್ದು ನಡುವಿನಲ್ಲಿ ಬಾಯಿಬಿಟ್ಟರೂ ಅದುವರೆಗೆ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ಬೆಳಕು ಹೊಡೆಯುವುದು ಇನ್ನೂ ತೆಗೆಯದ ಭಾಗಕ್ಕೆ. ಕೊನೆಯ ಫೋಟೋ ಆದ ಮೇಲೂ ಚಕ್ರ ಸಡಿಲವಾಗಿ ತಿರುಗುವವರೆಗೆ ತಿರುಗಿಸುತ್ತಲೇ ಇರಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಆಗ ರೀಲು ಪೂರ್ತಿ ಒಳಗೆ ಹೋಯಿತೆಂದು ಅರ್ಥ.

ಇನ್ನು ರೀಲಿಗೆ ವಯಸ್ಸಾಗುವುದು ಹೇಗೆ? ಪಾರದರ್ಶಕ ಪಟ್ಟಿಯ ಮೇಲೆ ಜಿಲೆಟಿನ್ನಿನ ತೆಳುವಾದ ಪದರಗಳು, ಆ ಜಿಲೆಟಿನ್ನಿನಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು. ಕಲರ್ ರೀಲಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕುಗಳಿಗೆ ಬೇರೆ ಬೇರೆ ಪದರಗಳಿದ್ದು, ತೊಳೆಯುವಾಗ ಬಣ್ಣವಾಗಿ ಮಾರ್ಪಡುವ ರಾಸಾಯನಿಕಗಳನ್ನೂ ಅವುಗಳೊಳಗೇ ಬೆರೆಸಿರುತ್ತಾರೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದುಗೂಡಿ ಒಂದು ಚುಕ್ಕೆಯಾಗುತ್ತವೆ. ಆ ಚುಕ್ಕೆ ಇರುವ ಹರಳನ್ನು ಮಾತ್ರ ಡೆವಲಪರ್, ಅಂದರೆ ರೀಲು ತೊಳೆಯುವಾಗ ಚಿತ್ರ ಮೂಡಿಸುವ ದ್ರಾವಣ, ಹಿಡಿಯುತ್ತದೆ. ತೊಂದರೆ ಏನೆಂದರೆ, ಬೆಳಕೇ ಬೀಳದಿದ್ದರೂ ಕಾಲ ಕಳೆದಂತೆ, ಬಿಸಿ ಹೆಚ್ಚಿದಂತೆ ಕೆಲವು ಹರಳುಗಳಲ್ಲಿ ಅಂಥದೇ ಚುಕ್ಕೆಗಳು ತಾವಾಗಿ ಮೂಡುತ್ತವೆ. ತೊಳೆದಾಗ ಇಡೀ ನೆಗೆಟಿವ್ ಮೇಲೆ ಮಬ್ಬು ಕವಿದಂತೆ ಕಾಣುವುದು ಅದರಿಂದಲೇ. ಜೊತೆಗೆ ರೀಲಿನ ಸಂವೇದನೆಯೂ ಕುಗ್ಗುತ್ತದೆ: 400 ಎಂದು ಬರೆದ ರೀಲು (ಈ ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು) 200ರಂತೆ, ಆಮೇಲೆ 100ರಂತೆ ವರ್ತಿಸತೊಡಗುತ್ತದೆ. ಮೂರು ಪದರಗಳಿಗೂ ಒಂದೇ ಪ್ರಮಾಣದಲ್ಲಿ ವಯಸ್ಸಾಗುವುದಿಲ್ಲವಾದ್ದರಿಂದ ಬಣ್ಣಗಳು ಓರೆಯಾಗುತ್ತವೆ. ನೆರಳು ಒಂದು ಬಣ್ಣಕ್ಕೆ ವಾಲಿದರೆ ಬೆಳಕಿನ ಭಾಗ ಇನ್ನೊಂದಕ್ಕೆ ವಾಲುತ್ತದೆ, ಹಾಗಾಗಿ ಕಂಪ್ಯೂಟರಿನಲ್ಲಿ ಒಂದು ಕಡೆ ಸರಿಪಡಿಸಿದರೆ ಮತ್ತೊಂದು ಕಡೆ ಕೆಡುತ್ತದೆ.

ಡಬ್ಬಿಯ ಮೇಲೆ ಅಚ್ಚಾಗಿರುವ ತಿಂಗಳು ಮತ್ತು ವರ್ಷ ಸಾಮಾನ್ಯವಾಗಿ ತಯಾರಾದ ದಿನದಿಂದ ಎರಡು ಮೂರು ವರ್ಷ ಮುಂದಿನದು. ಆ ತಾರೀಖಿನೊಳಗೆ ಫೋಟೋ ತೆಗೆದರೆ ಸಾಕೆಂದು ಹಲವರು ತಿಳಿದಿದ್ದಾರೆ. ತೆಗೆದು, ತೊಳೆಸಿಯೂ ಆಗಿರಬೇಕು ಎಂಬುದು ಅದರ ಆಶಯ. ಅದಕ್ಕಿಂತ ಮುಖ್ಯವಾಗಿ ಅದು ಷರತ್ತು ಹಾಕಿ ಕೊಟ್ಟ ಮಾತು. ಬಿತ್ತನೆ ಬೀಜದ ಪಾಕೀಟಿನ ಮೇಲಿನ ಅವಧಿಯನ್ನು ನಮ್ಮ ರೈತರು ಹೇಗೆ ಓದುತ್ತಾರೋ ಇದನ್ನೂ ಹಾಗೆಯೇ ಓದಬೇಕು: ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆ ಕಳೆದ ಬೀಜ ಅವಧಿಯೊಳಗಿದ್ದರೂ ಮೊಳೆಯಲಿಕ್ಕಿಲ್ಲ, ತಂಪಿನಲ್ಲಿಟ್ಟದ್ದು ಅವಧಿ ಮುಗಿದ ಮೇಲೂ ಮೊಳೆತೀತು. ರೀಲನ್ನು 21 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬೇಡಿ, ಬಹುಕಾಲ ಇಡುವುದಾದರೆ 13 ಡಿಗ್ರಿಗಿಂತ ಕೆಳಗಿರಲಿ ಎಂಬುದು ಕೊಡ್ಯಾಕ್ ಸಂಸ್ಥೆ ಕೊಡುತ್ತ ಬಂದಿರುವ ಸಲಹೆ. 21 ಡಿಗ್ರಿ ಎಂದರೆ ನಮ್ಮಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಮಾತ್ರ ಮನೆಯೊಳಗೆ ಸಿಗುವ ಸುಖ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರಿನಲ್ಲಿ ಹಗಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲವಾದ ಲೆಕ್ಕವನ್ನು ಹಿಡಿದರೂ, ತಂಪು ದೇಶದ ಅಂಗಡಿಯಲ್ಲಿ ಒಂದು ವರ್ಷ ಕಳೆದ ರೀಲಿಗೂ ನಮ್ಮ ಊರಿನ ಗಾಜಿನ ಶೋಕೇಸಿನಲ್ಲಿ ಒಂದೇ ಒಂದು ಬೇಸಿಗೆ ಕಳೆದ ರೀಲಿಗೂ ಇರುವ ವ್ಯತ್ಯಾಸ ತಿಳಿದೀತು.

ಇದು ಇಂದಿನ ಸಮಸ್ಯೆಯಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಅವಶೇಷಗಳ ಫೋಟೋ ತೆಗೆದರು. ಆ ವೇಳೆಗಾಗಲೇ ಗಾಜಿನ ಫಲಕದ ಮೇಲೆ ಒದ್ದೆ ಕಲೋಡಿಯನ್ ಹಚ್ಚಿ ತೆಗೆಯುವ ಹೊಸ ವಿಧಾನ ಬಂದಾಗಿತ್ತು. ಅದರಲ್ಲಿ ಚಿತ್ರ ಹೆಚ್ಚು ಚೊಕ್ಕಟವಾಗಿ ಬರುತ್ತಿತ್ತಾದರೂ ಫಲಕ ಒಣಗುವುದರೊಳಗೆ ಎಲ್ಲ ಮುಗಿಯಬೇಕಿತ್ತು, ಮತ್ತು ನಮ್ಮ ಬಿಸಿಲಿನಲ್ಲಿ ಒಣಗಲು ಎಷ್ಟು ಹೊತ್ತು ಬೇಕು? ಗ್ರೀನ್‌ಲಾ ಅವರ ನೆಗೆಟಿವ್‌ಗಳು ಮೇಣ ಸವರಿದ ಕಾಗದದವು. ಆ ಕಾಗದವನ್ನು ಮೊದಲೇ ಸಿದ್ಧಪಡಿಸಿ ದಿನಗಟ್ಟಲೆ ಇಟ್ಟುಕೊಂಡು ಬಳಸಬಹುದಿತ್ತು. ತುಂಗಭದ್ರೆಯ ಬಂಡೆಗಳ ನಡುವೆ ಕೆಲಸ ಮಾಡುವವನಿಗೆ ಚಿತ್ರದ ಚೊಕ್ಕಟತನದಷ್ಟೇ ಸಾಮಗ್ರಿಯ ಬಾಳಿಕೆಯೂ ಮುಖ್ಯವಾಗಿತ್ತು ಎಂದರ್ಥ. ನೂರು ವರ್ಷಗಳ ಮೇಲೆ ನಮ್ಮ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಸಂಸ್ಥೆಯನ್ನು ಸ್ಥಾಪಿಸಿದಾಗ ಕಾರ್ಖಾನೆಗೆ ಆರಿಸಿಕೊಂಡದ್ದು ತಂಪು ಹವೆಯ ಊಟಿಯನ್ನು.

ಸರಿ, ಊಟಿ ನಮ್ಮ ಮನೆಗೆ ಬರುವುದಿಲ್ಲ. ಹಾಗಾದರೆ ಎಲ್ಲಿಡಬೇಕು? ಮೊದಲು ಎಲ್ಲಿಡಬಾರದು ಎಂದು ಹೇಳುತ್ತೇನೆ. ಆರ್‌ಸಿಸಿ ಮನೆಗಳಲ್ಲಿ ಬಳಸದ ಸಾಮಾನುಗಳನ್ನೆಲ್ಲ ಛತ್ತಿನ ಕೆಳಗಿನ ಸಜ್ಜಾದ ಮೇಲೆ ಏರಿಸಿಡುವುದು ನಮ್ಮ ರೂಢಿ. ಹಗಲೆಲ್ಲ ಕಾದ ಛತ್ತು ರಾತ್ರಿಯಿಡೀ ತನ್ನ ಬಿಸಿಯನ್ನು ಬಿಡುವುದು ಅದರ ಮೇಲೆಯೇ, ಆದ್ದರಿಂದ ಮನೆಯಲ್ಲಿ ರೀಲಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಟಿವಿಯ ಹಿಂಭಾಗ, ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದ ಬೀರು, ಬೈಕಿನ ಟ್ಯಾಂಕಿನ ಮೇಲಿನ ಚೀಲ, ಇವೂ ಬೇಡ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಂತೂ 60 ಡಿಗ್ರಿ ದಾಟಬಲ್ಲದು. ಅಲ್ಲಿ ರೀಲಿನ ಜೊತೆ ಪ್ಲಾಸ್ಟಿಕ್ ಮೈ ಕೂಡ ಸೊಟ್ಟಗಾಗಿ ಬೆಳಕಿಗೆ ಸಂದು ಬಿಟ್ಟೀತು. ಹಳೆಯ ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿಸಿಕೊಂಡವರು ಈ ವಿಷಯದಲ್ಲಿ ಅದೃಷ್ಟವಂತರು: ಮೊಳಕ್ಕೂ ಮೀರಿದ ದಪ್ಪದ ಗೋಡೆಯ ಒಳಕೋಣೆಯಲ್ಲಿ, ನೆಲಕ್ಕೆ ಹತ್ತಿರವಿರುವ ಗೂಡಿನಲ್ಲಿ ಹಗಲು ರಾತ್ರಿಗಳ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.

ನುಸಿಗುಳಿಗೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೇಷ್ಮೆ ಸೀರೆಯ ಟ್ರಂಕಿನಲ್ಲಿ ಕ್ಯಾಮೆರಾ ಇಡುವವರಿದ್ದಾರೆ, ಬೆಲೆಬಾಳುವುದೆಲ್ಲ ಅಲ್ಲಿಯೇ ಸೇರುತ್ತದೆ. ನುಸಿಗುಳಿಗೆಯ ಹಬೆ, ಹೊಸ ಪೇಂಟು ಮತ್ತು ವಾರ್ನಿಷಿನ ವಾಸನೆ, ಹೊಸ ಪ್ಲೈವುಡ್ ಕಪಾಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್, ಇವೆಲ್ಲ ರೀಲಿನ ಪದರಗಳಿಗೆ ಆಗದ ವಸ್ತುಗಳು.

ಬೇಸಿಗೆಯಲ್ಲಿ ನಮ್ಮ ಮನೆಗಳನ್ನು ಕಾಪಾಡುವ ಕೂಲರ್ ಒಂದು ವಿಚಿತ್ರ ಸಂದಿಗ್ಧವನ್ನು ತಂದಿಡುತ್ತದೆ. ಅದು ಗಾಳಿಯನ್ನು ತಂಪು ಮಾಡುವುದೇ ನೀರನ್ನು ಆವಿಯಾಗಿಸಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಬಿಸಿ ಇಳಿಯುತ್ತದೆ, ತೇವ ಏರುತ್ತದೆ. ಒಣಹವೆ ರೀಲಿನ ಮಟ್ಟಿಗೆ ನಮ್ಮ ಭಾಗಕ್ಕೆ ದೊರೆತ ದೊಡ್ಡ ವರ. ಕರಾವಳಿಯವರನ್ನು ಕಾಡುವ ಬೂಷ್ಟಿನ ಕಾಟ ನಮಗೆ ಅಷ್ಟಿಲ್ಲ. ಆ ವರವನ್ನು ಕೂಲರಿನ ಮುಂದೆ ಕ್ಯಾಮೆರಾ ಇಟ್ಟು ಕಳೆದುಕೊಳ್ಳಬಾರದು. ಸೀಲು ಒಡೆಯದ ಫಾಯಿಲ್ ಪಾಕೀಟಿನಲ್ಲಿದ್ದರೆ ತೊಂದರೆಯಿಲ್ಲ, ತೇವವನ್ನು ತಡೆಯುವುದು ಆ ಪಾಕೀಟೇ. ಪಾಕೀಟು ಬಿಚ್ಚಿದ್ದರೆ ಮಾತ್ರ ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದು ಕ್ಷೇಮ.

ಉತ್ತಮ ಜಾಗವೆಂದರೆ ಫ್ರಿಜ್ಜೇ. ಆದರೆ ಅದಕ್ಕೂ ಒಂದು ಕ್ರಮವಿದೆ. ಸೀಲು ಒಡೆಯದ ಪಾಕೀಟನ್ನು ಇನ್ನೊಂದು ಜಿಪ್ ಚೀಲದಲ್ಲಿ ಹಾಕಿ, ಬಾಗಿಲಿನ ಖಾನೆಯಲ್ಲಲ್ಲದೆ ಒಳಗಿನ ಅಂಕಣದಲ್ಲಿ ಹಿಂದಕ್ಕೆ ತಳ್ಳಿಡಬೇಕು. ಬಾಗಿಲಿನ ಖಾನೆಗೆ ದಿನಕ್ಕೆ ಹತ್ತಾರು ಬಾರಿ ಹೊರಗಿನ ಬಿಸಿ ತಾಗುತ್ತಿರುತ್ತದೆ. ಕರೆಂಟು ಹೋದರೆ ಮೊದಲು ಬೆಚ್ಚಗಾಗುವುದೂ ಅದೇ. ಫ್ರೀಜರಿನಲ್ಲಿ ಬಿಡಿ ರೀಲನ್ನು ಇಡುವವರಿದ್ದಾರೆ, ಅದು ಸರಿ. ಇಡೀ ಕ್ಯಾಮೆರಾವನ್ನು ಮಾತ್ರ ಅಲ್ಲಿಡಬೇಡಿ ಎನ್ನುತ್ತೇನೆ, ಏಕೆಂದರೆ ಅದರೊಳಗೆ ಸೆಲ್ಲೂ ಫ್ಲ್ಯಾಶಿನ ಸರ್ಕ್ಯೂಟೂ ಇವೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಪಾಕೀಟು ಹರಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ತಣ್ಣನೆಯ ಲೋಟದ ಹೊರಮೈಯಲ್ಲಿ ಮೂಡುವ ಬೆವರೇ ಲೆನ್ಸಿನ ಹಿಂದೆಯೂ ರೀಲಿನ ಮೇಲೂ ಮೂಡುತ್ತದೆ. ಬಿಡಿ ರೀಲಿಗೇ ಒಂದು, ಒಂದೂವರೆ ಗಂಟೆ ಬಿಡಬೇಕೆಂಬ ಸಲಹೆ ಇರುವಾಗ, ರಟ್ಟು, ಫಾಯಿಲ್, ಪ್ಲಾಸ್ಟಿಕ್ ಹೊದ್ದ ಕ್ಯಾಮೆರಾಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ. ಸಂಜೆಯ ಆರತಕ್ಷತೆಗೆ ಬೇಕಿದ್ದರೆ ಬೆಳಿಗ್ಗೆಯೇ ಹೊರಗಿಡಿ.

ಫ್ರಿಜ್ಜು ತಡೆಯಲಾರದ್ದೂ ಒಂದಿದೆ. ಆಕಾಶದಿಂದ ಬೀಳುವ ವಿಶ್ವಕಿರಣಗಳು, ನೆಲದಿಂದ ಬರುವ ಸಹಜ ವಿಕಿರಣ ಇವು ಎಲ್ಲ ಕಡೆಯೂ ಇದ್ದೇ ಇರುತ್ತವೆ, ಮತ್ತು ಸಂವೇದನೆ ಹೆಚ್ಚಿದಷ್ಟೂ ರೀಲು ಅವಕ್ಕೆ ಬೇಗ ಈಡಾಗುತ್ತದೆ. 800ರ ರೀಲು 400ರದಕ್ಕಿಂತ ಮೊದಲೇ ಮಬ್ಬಾಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಚೆನ್ನಾಗಿ ಇಟ್ಟ ಕ್ಯಾಮೆರಾವೂ ಚಿರಂಜೀವಿಯಲ್ಲ.

ಈಗ ನನಗೆ ಅತ್ಯಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹಳೆಯ ರೀಲನ್ನು ಬಳಸುವವರು ಹತ್ತು ವರ್ಷಕ್ಕೆ ಒಂದು ಸ್ಟಾಪಿನಂತೆ, ಅಂದರೆ ಬೆಳಕನ್ನು ಇಮ್ಮಡಿ ಮಾಡುತ್ತ ಹೆಚ್ಚಿಸಿಕೊಳ್ಳಬೇಕೆಂಬ ವಾಡಿಕೆಯ ಸೂತ್ರವನ್ನು ನೀವು ಕೇಳಿರಬಹುದು. ಸಾಮಾನ್ಯ ಕ್ಯಾಮೆರಾದಲ್ಲಿ ಅದನ್ನು ಪಾಲಿಸಬಹುದು. ಈ ಡಬ್ಬಿಯಲ್ಲಿ ತಿರುಗಿಸಲು ಏನೂ ಇಲ್ಲವಲ್ಲ! ಫನ್‌ಸೇವರಿನ ಲೆನ್ಸು ಸುಮಾರು ಎಫ್/10 (ಎಫ್ ಎಂಬುದು ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಷಟರು ಸೆಕೆಂಡಿನ ನೂರರಲ್ಲೊಂದು ಭಾಗ, ರೀಲು 800. ಫ್ಲ್ಯಾಶ್ ಇರುವ ಕ್ವಿಕ್‌ಸ್ನ್ಯಾಪಿನದು ಅದೇ ಎಫ್/10, ಷಟರು 140ರಲ್ಲೊಂದು ಭಾಗ, ರೀಲು 400. ಇನ್ನು ಒಂದು ಲೆಕ್ಕ ಮಾಡೋಣ. ನಡುಹಗಲಿನ ಬಿಸಿಲಿನಲ್ಲಿ 800ರ ರೀಲಿಗೆ ಬೇಕಾದದ್ದು ಎಫ್/16, ಸೆಕೆಂಡಿನ 800ರಲ್ಲೊಂದು ಭಾಗ. ಫನ್‌ಸೇವರ್ ಒಳಬಿಡುವುದು ಅದರ ಸುಮಾರು 20 ಪಟ್ಟು ಬೆಳಕನ್ನು. ಕ್ವಿಕ್‌ಸ್ನ್ಯಾಪ್ ತನ್ನ 400ರ ರೀಲಿಗೆ ಬೇಕಾದದ್ದರ ಸುಮಾರು 7 ಪಟ್ಟು ಬಿಡುತ್ತದೆ. ಕಲರ್ ನೆಗೆಟಿವ್ ರೀಲಿಗೆ ಹೆಚ್ಚಿನ ಬೆಳಕನ್ನು ತಾಳಿಕೊಳ್ಳುವ ಶಕ್ತಿ ಇರುವುದರಿಂದ ಮಾತ್ರ ಈ ಸರಳ ಯಂತ್ರ ನಡೆಯುತ್ತದೆ. ಕಡಿಮೆ ಬೆಳಕನ್ನು ಅದು ಹಾಗೆ ತಾಳದು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಿ. ವಯಸ್ಸಾದ ರೀಲು ತನ್ನ ಸಂವೇದನೆಯಲ್ಲಿ ಅರ್ಧ, ಮುಕ್ಕಾಲು ಕಳೆದುಕೊಂಡಿದ್ದರೂ ಇಟಗಿಯ ಮಹಾದೇವ ದೇವಾಲಯದ ಅಂಗಳದಲ್ಲಿ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ನಡುವೆ, ತೆರೆದ ಬಿಸಿಲಿನಲ್ಲಿ ಅದಕ್ಕೆ ಬೇಕಾದಷ್ಟು ಬೆಳಕು ಸಿಕ್ಕೇ ಸಿಗುತ್ತದೆ. ಅದೇ ಕ್ಯಾಮೆರಾವನ್ನು ಬೇವಿನ ಮರದ ನೆರಳಿಗೆ ತಂದರೆ, ನೆರಳಿನಲ್ಲಿ ಬೆಳಕು ಎಂಟನೆಯ ಒಂದು ಭಾಗಕ್ಕೆ ಇಳಿಯುವುದರಿಂದ, 400ರ ಹೊಸ ರೀಲೇ ಅಂಚಿನಲ್ಲಿರುತ್ತದೆ, ಹಳೆಯದಂತೂ ಸೋಲುತ್ತದೆ. ಪಡಸಾಲೆಯೊಳಗೆ ಫ್ಲ್ಯಾಶ್ ಇಲ್ಲದೆ ತೆಗೆದದ್ದು ಕಂದು ಮಬ್ಬಿನಲ್ಲಿ ತೇಲುವ ಆಕೃತಿಗಳಾಗಿ ಬರುತ್ತದೆ. ಆದ್ದರಿಂದ ತಾರೀಖು ದಾಟಿದ ಕ್ಯಾಮೆರಾ ಕೈಗೆ ಬಂದರೆ ಅದನ್ನು ಮದುವೆಯ ರಾತ್ರಿಗೆ ಎತ್ತಿಡಬೇಡಿ, ಹಗಲಿಗೆ ಹೊರಗೆ ಒಯ್ಯಿರಿ. ಇಟ್ಟಲ್ಲಿ ರೀಲನ್ನು ಕೆಡಿಸಿದ ಸೂರ್ಯನೇ ತೆಗೆಯುವ ಹೊತ್ತಿನಲ್ಲಿ ಅದನ್ನು ಉಳಿಸಿಕೊಡುತ್ತಾನೆ, ಕಾವನ್ನು ದೂರವಿಟ್ಟು ಬೆಳಕನ್ನಷ್ಟೇ ಕೊಟ್ಟರಾಯಿತು. ಅಂದರೆ ಒಂದು ಫೋಟೋಕ್ಕೂ ಇನ್ನೊಂದಕ್ಕೂ ನಡುವೆ ಕ್ಯಾಮೆರಾ ಚೀಲದೊಳಗೆ ಬಟ್ಟೆ ಸುತ್ತಿಕೊಂಡಿರಲಿ, ಕಾದ ಬಂಡೆಯ ಮೇಲೆ ಕೂರುವುದು ಬೇಡ.

ತೆಗೆದಾದ ಮೇಲೆ ಆಗುವ ಹಾನಿಯ ಕಡೆ ನಮ್ಮ ಗಮನ ಕಡಿಮೆ. ಬೆಳಕು ಬಿದ್ದ ಹರಳಿನಲ್ಲಿ ಮೂಡಿದ ಚುಕ್ಕೆ ಸ್ಥಿರವಾದದ್ದಲ್ಲ. ತೊಳೆಯದೆ ಬಿಟ್ಟರೆ, ಅದರಲ್ಲೂ ಬಿಸಿಯಲ್ಲಿ ಬಿಟ್ಟರೆ, ಅದು ಕ್ರಮೇಣ ಕರಗುತ್ತದೆ. ಒಂದು ಕಡೆ ಮಬ್ಬು ಏರುತ್ತದೆ, ಇನ್ನೊಂದು ಕಡೆ ಚಿತ್ರ ಇಳಿಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ: ಜನವರಿಯಲ್ಲಿ ಗವಿಮಠದ ಜಾತ್ರೆಗೆ ಕ್ಯಾಮೆರಾ ತರಿಸುತ್ತಾರೆ, ತೇರು ಎಳೆಯುವಾಗ ಹತ್ತು ಹನ್ನೆರಡು ಫೋಟೋ ತೆಗೆಯುತ್ತಾರೆ, ಉಳಿದದ್ದನ್ನು ಸುಮ್ಮನೆ ಏಕೆ ಖರ್ಚು ಮಾಡಬೇಕೆಂದು ಮೇ ತಿಂಗಳ ಮದುವೆಗೆ ಇಡುತ್ತಾರೆ, ಮದುವೆಯ ಗಡಿಬಿಡಿಯಲ್ಲಿ ಮೂರು ನಾಲ್ಕು ಉಳಿದುಹೋಗುತ್ತವೆ, ಅವು ಮುಗಿಯಲೆಂದು ದಸರೆಯವರೆಗೆ ಕಾಯುತ್ತಾರೆ. ಹೊಸದಾಗಿ ತಂದ ರೀಲಿನಲ್ಲೂ ತೇರಿನ ಚಿತ್ರ ಸಪ್ಪೆಯಾಗಿ ಬಂದರೆ ದೋಷ ಕ್ಯಾಮೆರಾದ್ದಲ್ಲ. 27 ಚಿತ್ರಗಳನ್ನು ಒಂದೆರಡು ವಾರದಲ್ಲಿ ಮುಗಿಸಿ ತೊಳೆಯಲು ಕಳಿಸಿಬಿಡುವುದು ಒಳ್ಳೆಯದು. ಉಳಿದ ನಾಲ್ಕನ್ನು ಮನೆಯ ದನಕ್ಕೋ ಓಣಿಯ ಮಕ್ಕಳಿಗೋ ತಿರುಗಿಸಿದರೆ ನಷ್ಟವೇನೂ ಇಲ್ಲ, ಎಷ್ಟೋ ಸಲ ಅವೇ ಒಳ್ಳೆಯ ಚಿತ್ರಗಳಾಗಿರುತ್ತವೆ.

ಫ್ಲ್ಯಾಶಿನ ವಿಷಯಕ್ಕೆ ಬಂದರೆ, ರೀಲು ಚೆನ್ನಾಗಿರುವಾಗಲೇ ಸೆಲ್ ಸತ್ತಿರುವುದುಂಟು. ಮೇಲೆತ್ತುವ ಗುಂಡಿಯಿರುವ ಮಾದರಿಗಳಲ್ಲಿ ಕೆಲಸವಾದ ಮೇಲೆ ಅದನ್ನು ಇಳಿಸದಿದ್ದರೆ ಸೆಲ್ ಸುಮ್ಮನೆ ಇಳಿಯುತ್ತದೆ. ಗುಂಡಿ ಒತ್ತಿ ಅರ್ಧ ನಿಮಿಷವಾದರೂ ಕಿರುದೀಪ ಹೊತ್ತದಿದ್ದರೆ ಫ್ಲ್ಯಾಶನ್ನು ಮರೆತು ಬಿಸಿಲನ್ನು ನೆಚ್ಚಿಕೊಳ್ಳುವುದೇ ಸರಿ. ಸಂದಿಯಲ್ಲಿ ಬಿಳಿ ಹುಡಿ ಕಂಡರೆ ಸೆಲ್ ಸೋರಿದೆ ಎಂದು ತಿಳಿಯಿರಿ. ಅದರ ಬೆಳಕು ತಲುಪುವುದೂ ಮೂರು ಮೀಟರಿನವರೆಗೆ ಮಾತ್ರ, ಆದ್ದರಿಂದ ಕಲ್ಯಾಣಮಂಟಪದ ಹಿಂದಿನ ಸಾಲಿನಲ್ಲಿ ಕೂತು ವೇದಿಕೆಯ ಮೇಲಿನ ವಧೂವರರಿಗೆ ಫ್ಲ್ಯಾಶ್ ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆಗಳು.

ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳಬೇಕಾಗಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಾಲೇಜು ಹುಡುಗರು ಈ ಡಬ್ಬಿಯನ್ನು ಸ್ಕ್ರೂಡ್ರೈವರಿನಿಂದ ಬಿಚ್ಚುತ್ತಿದ್ದಾರೆ. ಒಂದೂವರೆ ವೋಲ್ಟಿನ ಸೆಲ್ಲಿಗೆ ಯಾರೂ ಹೆದರುವುದಿಲ್ಲ. ಆದರೆ ಆ ಸೆಲ್ ತುಂಬಿಸುವ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಸೆಲ್ ತೆಗೆದ ಮೇಲೂ ಅದು ಉಳಿದಿರುತ್ತದೆ. ಅದರ ಏಟು ಬೆರಳನ್ನು ಸುಡಬಲ್ಲದು, ಹೃದಯದ ತೊಂದರೆ ಇರುವವರಿಗೆ ಇನ್ನೂ ಅಪಾಯಕಾರಿ. ಫ್ಲ್ಯಾಶ್ ಇರುವ ಕ್ಯಾಮೆರಾವನ್ನು ಬಿಚ್ಚುವ ಕೆಲಸ ಲ್ಯಾಬಿನವರದು.

ಧೂಳಿನ ಬಗ್ಗೆ ಸಂಡೂರು, ತೋರಣಗಲ್ಲಿನ ಕಡೆಯವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಅದಿರಿನ ಕೆಂಪು ಹುಡಿ ಹಲ್ಲುಚಕ್ರದ ಸಂದಿಯಿಂದ ಒಳಹೊಕ್ಕರೆ ರೀಲಿನ ಉದ್ದಕ್ಕೂ ಗೀರು ಎಳೆಯುತ್ತದೆ. ಬಳಸದಾಗ ಒಂದು ಚೀಲದಲ್ಲಿರಲಿ. ಪ್ಲಾಸ್ಟಿಕ್ ಲೆನ್ಸನ್ನು ಅಂಗಿಯ ತುದಿಯಿಂದ ಉಜ್ಜದೆ ಊದಿ, ಒಣ ಮೆತ್ತನೆಯ ಬಟ್ಟೆಯಿಂದ ಮುಟ್ಟಿಸಿ ತೆಗೆದರೆ ಸಾಕು.

ವಿಮಾನದಲ್ಲಿ ಹೋಗುವವರು ಕ್ಯಾಮೆರಾವನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬಾರದು, ಅಲ್ಲಿನ ಎಕ್ಸ್‌ರೇ ಬಲವಾದದ್ದು. ಕೈಚೀಲಕ್ಕೂ ಈಗ ಹಲವೆಡೆ ಸಿಟಿ ಸ್ಕ್ಯಾನರ್ ಬಂದಿವೆ. ಅವುಗಳಲ್ಲಿ ಒಂದೇ ಸಲ ಹೋದರೂ ರೀಲಿಗೆ ಹಾನಿಯಾಗುತ್ತದೆ. ಪಾರದರ್ಶಕ ಚೀಲದಲ್ಲಿಟ್ಟು, ಕೈಯಿಂದಲೇ ಪರೀಕ್ಷಿಸಿರೆಂದು ವಿನಯವಾಗಿ ಕೇಳುವುದು ಒಂದೇ ದಾರಿ.

ಕೊನೆಯದಾಗಿ ತೊಳೆಯುವ ಮಾತು. ಕಲರ್ ನೆಗೆಟಿವ್ ರೀಲಿನ ಸಿ-41 ಕ್ರಮ 1972ರಿಂದ ಬಳಕೆಯಲ್ಲಿದೆ: ಡೆವಲಪರ್ 37.8 ಡಿಗ್ರಿ ಇರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ತಂಪು ಊರಿನವರು ಈ ಬಿಸಿಗೆ ನೀರು ಕಾಯಿಸಿಕೊಂಡು ಒದ್ದಾಡುತ್ತಾರೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಛತ್ತಿನ ಮೇಲಿನ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅದೇ ಬಿಸಿಯ ನೀರು ಪುಕ್ಕಟೆ ಬರುತ್ತದೆ! ಕಪ್ಪುಬಿಳುಪನ್ನು ಸಾಮಾನ್ಯವಾಗಿ ತೊಳೆಯುವುದು 20 ಡಿಗ್ರಿಯಲ್ಲಿ, ಅದಕ್ಕೆ ನಾವು ಐಸ್ ತರಬೇಕಾಗುತ್ತದೆ. ಆದರೂ ಬಾಳಿಕೆಯ ದೃಷ್ಟಿಯಿಂದ ನಮ್ಮ ಹವೆಗೆ ನಾನು ಸೂಚಿಸುವುದು ಕಪ್ಪುಬಿಳುಪು ರೀಲಿನ ಕ್ಯಾಮೆರಾವನ್ನೇ. ಅದರಲ್ಲಿ ಓರೆಯಾಗಲು ಬಣ್ಣದ ಪದರಗಳಿಲ್ಲ, ಮಬ್ಬು ಏರಿದರೂ ಚಿತ್ರ ಉಳಿಯುತ್ತದೆ. ಕೊಳ್ಳುವಾಗ ಒಂದನ್ನು ಗಮನಿಸಬೇಕು: ಇಲ್ಫರ್ಡ್ ಸಂಸ್ಥೆಯ ಎಚ್‌ಪಿ5 ಕ್ಯಾಮೆರಾಕ್ಕೆ ಕಪ್ಪುಬಿಳುಪಿನ ಡೆವಲಪರೇ ಬೇಕು, ಅದೇ ಸಂಸ್ಥೆಯ ಎಕ್ಸ್‌ಪಿ2 ಮಾತ್ರ ಕಲರ್ ರೀಲಿನಂತೆ ಸಿ-41ರಲ್ಲಿ ತೊಳೆಯುವಂಥದ್ದು.

ಲ್ಯಾಬಿಗೆ ಕಳಿಸುವಾಗ ರೀಲು ಹಳೆಯದೆಂದು, ಎಲ್ಲಿತ್ತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಪುಷ್ ಮಾಡಿಸಬೇಕೆ ಎಂದು ಕೇಳುತ್ತಾರೆ. ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚಿತ್ರದ ಜೊತೆ ಮಬ್ಬೂ ಬೆಳೆಯುವುದರಿಂದ ಬಹಳ ಹಳೆಯ ರೀಲಿಗೆ ಸಾಮಾನ್ಯ ಹೊತ್ತೇ ಸಾಕೆಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಶುಕ್ರವಾರ, ಶನಿವಾರ ಕೊರಿಯರ್ ಮಾಡಬೇಡಿ, ಪಾರ್ಸಲ್ಲು ಭಾನುವಾರವಿಡೀ ಎಲ್ಲಿಯೋ ಗೋದಾಮಿನ ತಗಡಿನ ಕೆಳಗೆ ಬೇಯುತ್ತದೆ.

ಉಪನ್ಯಾಸದ ನಂತರ ಮರುಭರ್ತಿ ಮಾಡಿದ ಕ್ಯಾಮೆರಾಗಳ ಬಗ್ಗೆ ಒಬ್ಬರು ಕೇಳಿದರು. ಹಳೆಯ ಡಬ್ಬಿಗೆ ಬೇರೆ ರೀಲು ಹಾಕಿ ಮಾರುವುದು ತಪ್ಪೇನಲ್ಲ. ಆದರೆ ಒಳಗಿನ ರೀಲು ಯಾವುದು, ಅದರ ತಾರೀಖು ಏನು, ಹೇಗೆ ತೊಳೆಯಬೇಕು ಎಂಬುದನ್ನು ಮಾರುವವರು ಬರೆದುಕೊಡದಿದ್ದರೆ ಕೊಳ್ಳಬಾರದು ಎಂದು ಹೇಳಿದೆ.

ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಎದ್ದು ನಿಂತು, "ಸರ್, ನಮ್ಮ ಅಣ್ಣನ ಮದುವ್ಯಾಗ ತಗದಿದ್ದ ಕ್ಯಾಮೆರಾ ಟ್ರಂಕಿನ್ಯಾಗ ಹಂಗ ಐತ್ರಿ. ಹದಿನೈದು ವರ್ಷ ಆತು. ಈಗ ತೊಳಿಸಿದ್ರ ಏನರ ಬರ್ತಾವೇನ್ರಿ?" ಎಂದು ಕೇಳಿದರು. ಬರಬಹುದು ಎಂದೆ. ಹಗಲಿನಲ್ಲಿ ಚಪ್ಪರದ ಹೊರಗೆ ತೆಗೆದವು, ಹತ್ತಿರದಿಂದ ಫ್ಲ್ಯಾಶ್ ಹಾಕಿ ತೆಗೆದವು ಗುರುತು ಹಿಡಿಯುವಷ್ಟು ಉಳಿದಿರುವ ಸಾಧ್ಯತೆ ಇದೆ, ಬಣ್ಣದ ಆಸೆ ಬಿಟ್ಟು ಕಪ್ಪುಬಿಳುಪಾಗಿ ಸ್ಕ್ಯಾನ್ ಮಾಡಿಸಿದರೆ ಮುಖಗಳು ಇನ್ನೂ ಚೆನ್ನಾಗಿ ಕಂಡಾವು. ಅದನ್ನು ಇಂದೇ ಟ್ರಂಕಿನಿಂದ ತೆಗೆಯಬೇಕು, ರೀಲಿನಲ್ಲಿ ಚಿತ್ರ ಬಾಕಿ ಇದ್ದರೆ ಹೊಸದನ್ನು ತೆಗೆಯಲು ಹೋಗದೆ ಲೆನ್ಸಿಗೆ ಕೈ ಅಡ್ಡ ಹಿಡಿದು ಒತ್ತುತ್ತ, ಸುತ್ತುತ್ತ ರೀಲನ್ನು ಒಳಕ್ಕೆ ಸೇರಿಸಬೇಕು, ಮತ್ತು ಬರೀ ಮೊಬೈಲಿಗೆ ಕಳಿಸುವ ಫೈಲುಗಳಿಗೆ ಒಪ್ಪದೆ ನೆಗೆಟಿವ್ ಪಟ್ಟಿಗಳನ್ನೂ ಲ್ಯಾಬಿನವರಿಂದ ವಾಪಸ್ ಕೇಳಿ ಪಡೆಯಬೇಕು ಎಂದು ಅವರಿಗೆ ತಿಳಿಸಿದೆ.